ಮೂರನೇ ದಿನ ತಲೆ ಏಳದಿದ್ದರೆ

ಕಳಸದ ಸುತ್ತ ಅರೇಬಿಕಾ ಬೆಳೆದವರಿಗೆ ಬಿಳಿ ಕಾಂಡಕೊರಕದ ಕಾಟ ಹೊಸದಲ್ಲ. ದುಂಬಿ ಹಾರುವ ಕಾಲಕ್ಕೆ, ಮಳೆಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ, ಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಹೊಡೆದು ಬಂದವರು ನಾವು. ಈ ಆರ್ಗನೊಫಾಸ್ಫೇಟ್ ವಿಷ ಹೊಟ್ಟೆ ಸೇರಿದರೆ ಕುದುರೆಮುಖ, ಕಾರ್ಕಳದ ದಾರಿಯಲ್ಲಿ ಮಣಿಪಾಲಕ್ಕೆ ಓಡಬೇಕು.

ಐಸಿಯುನಲ್ಲಿ ಅಟ್ರೋಪಿನ್ ಕೊಟ್ಟಂತೆ ಜೊಲ್ಲು, ಬೆವರು ತಗ್ಗುತ್ತವೆ. ರೋಗಿ ಮಾತಾಡುತ್ತಾರೆ, ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಎಚ್ಚರ ಬೇಕಾದದ್ದು ಆಗಲೇ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಹಿಂದೆಯೇ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. 1987ರಲ್ಲಿ ಶ್ರೀಲಂಕಾದ ವೈದ್ಯರು ಇದಕ್ಕೆ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಎಂದು ಹೆಸರಿಟ್ಟರು. ನರ ಬಿಡುವ ಅಸಿಟೈಲ್‌ಕೋಲಿನ್ ಕೆಲಸ ಮುಗಿದೊಡನೆ ಒಡೆದುಹೋಗಬೇಕು. ಒಡೆಯುವ ಕಿಣ್ವವನ್ನೇ ವಿಷ ಕಟ್ಟಿಹಾಕುತ್ತದೆ. ಹಾಗೆ ಒಡೆಯದೆ ಉಳಿದದ್ದು ನರ ಸ್ನಾಯುವನ್ನು ಕೂಡುವ ಜಾಗವನ್ನು ಕೆಡಿಸಿದರೆ, ಅಲ್ಲಿ ಅಟ್ರೋಪಿನ್ ಆಟ ನಡೆಯುವುದಿಲ್ಲ.

ಆ ಜಾಗವನ್ನು ಪರೀಕ್ಷಿಸಲು ಯಂತ್ರವನ್ನು ಹಾಸಿಗೆಯ ಪಕ್ಕಕ್ಕೇ ತರುತ್ತಾರೆ. ಕಿರುಬೆರಳಿನ ಬುಡದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಮಣಿಕಟ್ಟಿನಲ್ಲಿ ನರಕ್ಕೆ ಸಣ್ಣ ಶಾಕ್ ಕೊಡುತ್ತಾರೆ. ಬೆರಳು ಮಿಡುಕುತ್ತದೆ, ಪರದೆಯ ಮೇಲೆ ಅಲೆಯೊಂದು ಏಳುತ್ತದೆ. ವಿಷ ಏರಿದ್ದರೆ ಒಂದೇ ಶಾಕಿಗೆ ದೊಡ್ಡ ಅಲೆಯ ಬೆನ್ನಿಗೆ ಮರಿ ಅಲೆಯೂ ಕಾಣಬಹುದು. ಸೆಕೆಂಡಿಗೆ 30ರಂತೆ ಶಾಕ್ ಕೊಟ್ಟಾಗ ಅಲೆಗಳು ಕುಗ್ಗತೊಡಗಿದರೆ ಅಪಾಯ ಹತ್ತಿರವಿದೆ. ಕೈಕಾಲು ಸೋಲುವ ಮೊದಲೇ ಈ ಕುಗ್ಗುವಿಕೆ ಕಾಣಿಸಿಕೊಳ್ಳುತ್ತದೆಂದು 2008ರ ಶ್ರೀಲಂಕಾದ ಅಧ್ಯಯನ ತೋರಿಸಿತು. ವೆಂಟಿಲೇಟರ್ ಸಿದ್ಧವಿಡಲು ಸಿಗುವ ಆ ಸಮಯಕ್ಕೆ ಬೆಲೆ ಕಟ್ಟಲಾಗದು.

ಐಸಿಯುನಲ್ಲಿ ಈ ಪರೀಕ್ಷೆ ಸಲೀಸಲ್ಲ. ಪಂಪು, ಮಾನಿಟರುಗಳ ವಿದ್ಯುತ್ ಗದ್ದಲ ಅಲೆಯೊಳಗೆ ನುಗ್ಗುತ್ತದೆ. ಕೈ ತಣ್ಣಗಿದ್ದರೆ ನರದ ವೇಗ ತಗ್ಗುತ್ತದೆ, ಊದಿಕೊಂಡಿದ್ದರೆ ಅಲೆ ಚಿಕ್ಕದಾಗಿ ಕಾಣುತ್ತದೆ.

ವಾರಗಳು ಕಳೆದರೂ ವೆಂಟಿಲೇಟರ್ ಬಿಡಿಸಲಾಗದಿದ್ದರೆ ಪ್ರಶ್ನೆಯೇ ಬೇರೆ. ದೀರ್ಘ ಕಾಯಿಲೆ ನರವನ್ನೇ ಸವೆಸಬಲ್ಲದೆಂದು 1984ರಲ್ಲಿ ಕೆನಡಾದ ಚಾರ್ಲ್ಸ್ ಬೋಲ್ಟನ್ ಮತ್ತು ಸಂಗಡಿಗರು ವರದಿ ಮಾಡಿದರು. ಕಳಸದಿಂದ ಚಿಕ್ಕಮಗಳೂರಿಗೆ ಹೋಗುವ ಹತ್ತು ಬಸ್ಸಿನಲ್ಲಿ ಆರು ನಿಂತರೂ ಉಳಿದ ನಾಲ್ಕು ಅದೇ ಹೊತ್ತಿಗೆ ಊರು ಮುಟ್ಟುತ್ತವೆ. ಜನ ಮಾತ್ರ ಕಡಿಮೆ. ಇಲ್ಲಿಯೂ ಹಾಗೆಯೇ: ವೇಗ ಹೆಚ್ಚುಕಡಿಮೆ ಸರಿಯಿದ್ದು ಅಲೆಯ ಎತ್ತರ ಕುಸಿದಿರುತ್ತದೆ. ಗಿಯಾನ್-ಬಾರೆ ಎಂಬ ನರರೋಗದ ಸಾಮಾನ್ಯ ಬಗೆಯಲ್ಲಾದರೆ ವೇಗವೇ ತಗ್ಗಿರುತ್ತದೆ. ಅದಕ್ಕೆ ಚಿಕಿತ್ಸೆಯೂ ಬೇರೆ. ಸ್ಪರ್ಶದ ನರಗಳ ಅಲೆ ನೆಟ್ಟಗಿದ್ದು ಸ್ನಾಯುವಿನ ಅಲೆ ಮಾತ್ರ ಗಿಡ್ಡವಾಗಿ ಅಗಲವಾಗಿದ್ದರೆ ದೋಷ ಸ್ನಾಯುವಿನದು. ಅದು ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತದೆ. ನರದ ಎಳೆ ಸತ್ತಿದ್ದರೆ ಮತ್ತೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಮೊಣಕಾಲಿನಿಂದ ಪಾದ ತಲುಪಲು ಅದಕ್ಕೆ ಒಂದು ವರ್ಷವಾದರೂ ಬೇಕು.