ಮೋಟಾರು ನಿಂತಾಗ

ಗುಂಜಹಳ್ಳಿಯಂತಹ ಊರಿನಿಂದ ದೂರದ ಪ್ರೌಢಶಾಲೆಗೆ ಹೊರಟ ಬಾಲಕಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಅವಳದು ವಿದ್ಯುತ್ ಬೈಸಿಕಲ್ಲು. ರಾತ್ರಿಯೆಲ್ಲ ಕರೆಂಟು ಇಲ್ಲದ ಕಾರಣ ಬ್ಯಾಟರಿ ತುಂಬಿಲ್ಲ. ಅಂದು ಪರೀಕ್ಷೆ, ಅರ್ಧ ದಾರಿಯಲ್ಲಿ ಮೋಟಾರು ನಿಂತಿತು. ಅವಳು ಇಳಿದು ತಳ್ಳಬೇಕೆ? ಬೇಕಿಲ್ಲ. ಪೆಡಲು ಇರುವವರೆಗೆ ಅದು ಬೈಸಿಕಲ್ಲೇ ಸರಿ.

ಇದು ನಮ್ಮ ಜನರಿಗೆ ತೀರ ಹೊಸ ಅನುಭವವಲ್ಲ. 1980ರಲ್ಲಿ ಹೊಸೂರಿನಲ್ಲಿ ತಯಾರಾಗಿ ಬಂದ ಟಿ.ವಿ.ಎಸ್. 50 ಮೊಪೆಡ್ಡಿಗೂ ಪೆಡಲುಗಳಿದ್ದವು. ಪೆಟ್ರೋಲು ಮುಗಿದರೆ ಸವಾರರು ಏದುಸಿರು ಬಿಡುತ್ತ ಅದನ್ನು ತುಳಿಯುತ್ತಿದ್ದರು. ಅಲ್ಲಿ ಯಂತ್ರವೇ ಒಡೆಯ, ಕಾಲು ಆಪತ್ತಿಗೊದಗುವ ಆಳು. ವಿದ್ಯುತ್ ಬೈಸಿಕಲ್ಲಿನಲ್ಲಿ ಕಾಲೇ ಒಡೆಯ, ಯಂತ್ರವೇ ಆಳು.

ಬೈಸಿಕಲ್ಲು ತುಳಿಯುವವರನ್ನು ಮುಖ್ಯವಾಗಿ ಮೂರು ಶಕ್ತಿಗಳು ತಡೆಯುತ್ತವೆ: ನೆಲಕ್ಕೆ ಒತ್ತುವ ಟೈರು, ಎದುರಿನ ಗಾಳಿ, ದಾರಿಯ ಏರು. ಸಾಮಾನ್ಯ ಬೈಸಿಕಲ್ಲು 16 ಕಿಲೋಗ್ರಾಂ, ವಿದ್ಯುತ್ ಬೈಸಿಕಲ್ಲು 24 ಕಿಲೋಗ್ರಾಂ, ಸವಾರಳು 50 ಕಿಲೋಗ್ರಾಂ ತೂಗುವರೆಂದು ಭಾವಿಸೋಣ. ಹೆಚ್ಚಿದ ಭಾರ ಒಟ್ಟು ತೂಕದ ಸುಮಾರು ಎಂಟನೆಯ ಒಂದು ಪಾಲು. ಟೈರಿನ ತಡೆ ಅಷ್ಟೇ ಹೆಚ್ಚುತ್ತದೆ. ಗಾಳಿಯ ತಡೆ ಇದ್ದಂತೆಯೇ ಇರುತ್ತದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನ ಸಮತಟ್ಟು ದಾರಿಯಲ್ಲಿ ಈ ವ್ಯತ್ಯಾಸ ಅಲ್ಪ. ಟೈರಿನ ಗಾಳಿ ಇಳಿದಿದ್ದರೆ ಮಾತ್ರ ಕಷ್ಟ ಇಮ್ಮಡಿಸಿದಂತೆ ತೋರುತ್ತದೆ.

ಭಾರದ ನಿಜವಾದ ಲೆಕ್ಕ ತಿಳಿಯುವುದು ಏರಿನಲ್ಲಿ. ಎಂಟು ಕಿಲೋಗ್ರಾಮನ್ನು ಹತ್ತು ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 800 ಜೂಲ್ ಶಕ್ತಿ ಬೇಕು. ಆದುದರಿಂದ ಜಾಣ ಸವಾರನು ಸಮತಟ್ಟಿನಲ್ಲಿ ಕಾಲನ್ನು ನಂಬಿ, ಬ್ಯಾಟರಿಯನ್ನು ಏರಿಗೂ ಎದುರುಗಾಳಿಗೂ ಉಳಿಸುತ್ತಾನೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆಂಬುದನ್ನೂ ಅವನು ಮರೆಯುವುದಿಲ್ಲ. ಮೋಟಾರು ನಿಂತಾಗ ನಿಧಾನವಾಗಿ ತುಳಿಯುತ್ತಾನೆ.

ಮೋಟಾರಿನ ಬಗೆಯೂ ಮುಖ್ಯ. ಹಲ್ಲುಚಕ್ರಗಳುಳ್ಳ ಕೆಲವು ಮೋಟಾರುಗಳಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲ್ ಇರುತ್ತದೆ. ಮೋಟಾರು ನಿಂತರೂ ಚಕ್ರ ಸರಾಗವಾಗಿ ತಿರುಗುತ್ತದೆ. ಚಕ್ರದೊಡನೆ ನೇರವಾಗಿ ಜೋಡಿಸಿದ ಮೋಟಾರಿನಲ್ಲಿ ಅಯಸ್ಕಾಂತಗಳು ಕೊಂಚ ಹಿಂದಕ್ಕೆ ಸೆಳೆಯುತ್ತವೆ. ಕೊಳ್ಳುವಾಗಲೇ ಬ್ಯಾಟರಿಯನ್ನು ಆರಿಸಿ ತುಳಿದು ನೋಡುವುದು ಲೇಸು.

ಆರೋಗ್ಯವಂತನೊಬ್ಬನು ಒಂದು ಗಂಟೆ ಕಾಲ ಸುಮಾರು 75 ವಾಟ್ ಶಕ್ತಿಯನ್ನು ಕಾಲಿನಿಂದ ಒದಗಿಸಬಲ್ಲನು. ಇದು ಊಟದಿಂದ ಬಂದ ಶಕ್ತಿ. ಬ್ಯಾಟರಿಯ ಶಕ್ತಿಯಾದರೋ ಎಲ್ಲಿಯೋ ಉತ್ಪಾದನೆಯಾಗಿ ಬರಬೇಕು. ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ವಿದ್ಯುತ್ತಿಗಾಗಿ ಕಲ್ಲಿದ್ದಲು ಉರಿಯುತ್ತದೆ, ಕೃಷ್ಣೆಯ ನೀರು ಆವಿಯಾಗುತ್ತದೆ. ಅನಾವಶ್ಯಕವಾಗಿ ಮೋಟಾರನ್ನು ಓಡಿಸದಿರುವುದೂ ಒಂದು ಉಳಿತಾಯವೇ.

ನಮ್ಮ ಬಾಲಕಿ ಬೆವರೊರೆಸಿಕೊಂಡು ಶಾಲೆಯನ್ನು ಮುಟ್ಟಿದಳು; ಗಂಟೆ ಇನ್ನೂ ಬಾರಿಸಿರಲಿಲ್ಲ. ಯಂತ್ರದ ನೆರವನ್ನು ಪಡೆಯೋಣ. ಅದು ಕೈಬಿಟ್ಟ ದಿನವೂ ಗುರಿ ಸೇರುವ ಬಲವನ್ನು ನಮ್ಮಲ್ಲಿ ಉಳಿಸಿಕೊಳ್ಳೋಣ.