ಬಚ್ಚಲೊಲೆ ಸರಿ, ಅಗ್ಗಿಷ್ಟಿಕೆ ಜೋಕೆ!

ಅತ್ತಿಗುಂಡಿ: ಮುಳ್ಳಯ್ಯನಗಿರಿ ಮಗ್ಗುಲಿನ ಈ ಊರಲ್ಲಿ ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ಚಳಿಯೂ ಹಾಜರ್. ಮಳೆಗೆ ನೆನೆದ ಸೌದೆ ಈಗಲೇ ಒಣಗಬೇಕು. ಹಸಿ ಸೌದೆ ತುರುಕಿದರೆ ಹಂಡೆ ನೀರು ಕಾಯೋದಿಲ್ಲ, ಕಣ್ಣು ಮಾತ್ರ ಉರಿಯುತ್ತೆ. ಹೊಗೆಗೂಡಿನ ಮಸಿಯನ್ನೂ ಕೆರೆಸಬೇಕು.

ಇದೆಲ್ಲ ಅಜ್ಜಿಯರಿಗೂ ಗೊತ್ತು. ಭಯ ಇರೋದು ಅಗ್ಗಿಷ್ಟಿಕೆಯದು. ಕಿಟಕಿ, ಬಾಗಿಲು ಭದ್ರಮಾಡಿ ಮಂಚದ ಪಕ್ಕ ಕೆಂಡ ಇಟ್ಟು ಮಲಗಿದರೆ ಕೋಣೆ ತುಂಬುವುದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾದರೂ ಕೆಮ್ಮಿಸುತ್ತೆ. ಇದು ಮಲಗಿದವರನ್ನು ಏಳಲು ಬಿಡುವುದಿಲ್ಲ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನ ಕತೆಯೂ ಇದೇ. ತಲೆನೋವು, ತಲೆಸುತ್ತು ಬಂತೋ, ಚಳಿ ಅಂತ ಹೊದ್ದು ಮಲಗಬೇಡಿ. ಬಾಗಿಲು ತೆಗೆದು ಹೊರಗೆ ಬನ್ನಿ, ಡಾಕ್ಟರ ಹತ್ತಿರ ಹೋಗಿ. ಮಲಗೋ ಮುನ್ನ ಅಗ್ಗಿಷ್ಟಿಕೆ ಅಂಗಳಕ್ಕೆ.