‘18 ತುಂಬಿಲ್ಲದಿದ್ದರೆ ಕೊಲೆ ಮಾಡಿದರೂ ಮೂರೇ ವರ್ಷ’: ಈ ಫಾರ್ವರ್ಡ್ ಎಷ್ಟು ನಿಜ? ಹುಡುಗರಿಗೂ ಜೀವಾವಧಿ ಶಿಕ್ಷೆ ಆಗುತ್ತದೆಯೇ?

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಘಟನೆ ಈ ಭಾಗದವರಿಗೆ ನೆನಪಿರಬಹುದು. ಒಟ್ಟಿಗೆ ಆಡುತ್ತಿದ್ದ ಹುಡುಗರ ನಡುವೆ ಸಣ್ಣ ಜಗಳವಾಯಿತು. 6ನೇ ತರಗತಿಯ ಹುಡುಗನೊಬ್ಬ ತನಗಿಂತ ಒಂದೆರಡು ವರ್ಷ ದೊಡ್ಡವನಿಗೆ ಚಾಕುವಿನಿಂದ ಇರಿದ. ಇರಿತಕ್ಕೊಳಗಾದ ಹುಡುಗ ಉಳಿಯಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ಒಂದು ಮೆಸೇಜ್ ಮತ್ತೆ ಮತ್ತೆ ಗ್ರೂಪ್‌ಗಳಲ್ಲಿ ಓಡಾಡುತ್ತದೆ. ‘18 ತುಂಬಿಲ್ಲ ಅಂದರೆ ಕೊಲೆ ಮಾಡಿದರೂ ಮೂರೇ ವರ್ಷ, ಆಮೇಲೆ ಹೊಲಿಗೆ ಯಂತ್ರ ಕೊಟ್ಟು ಮನೆಗೆ ಕಳಿಸುತ್ತಾರೆ. ಇಂಥವರಿಗೆ ಜೀವಾವಧಿ ಆಗಲೇಬೇಕು ಎನ್ನುವವರು ಹತ್ತು ಜನಕ್ಕೆ ಕಳಿಸಿ.’ ಕೊಪ್ಪಳ, ಭಾಗ್ಯನಗರದ ಕಡೆ ಚಹಾ ಅಂಗಡಿಯಲ್ಲಿ ಕುಳಿತರೂ ಇದೇ ಮಾತು ಕೇಳುತ್ತದೆ: ‘ಸಣ್ಣವ ಅಂದ್ರ ಏನೂ ಆಗಂಗಿಲ್ಲ ಬಿಡ್ರೀ.’

ಈ ಮೆಸೇಜ್‌ನಲ್ಲಿ ಅರ್ಧ ನಿಜವಿದೆ. ಉಳಿದರ್ಧ 10 ವರ್ಷ ಹಳೆಯದು.

ಮೂರು ವರ್ಷ ಯಾರಿಗೆ?

2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ ಪ್ರಕರಣ ಎಲ್ಲರಿಗೂ ಗೊತ್ತು. ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಆಗಿನ ಕಾಯ್ದೆಯಲ್ಲಿ ಅವನಿಗೆ ಕೊಡಬಹುದಾಗಿದ್ದ ಗರಿಷ್ಠ ಅವಧಿಯೇ ಮೂರು ವರ್ಷ. ಬಾಲ ನ್ಯಾಯ ಮಂಡಳಿ 2013ರ ಆಗಸ್ಟ್‌ನಲ್ಲಿ ಅಷ್ಟನ್ನೂ ಕೊಟ್ಟಿತು. 2015ರ ಡಿಸೆಂಬರ್‌ನಲ್ಲಿ ಅವನು ಹೊರಬಂದ. ದೇಶ ಕುದಿಯಿತು. ಅದೇ ವಾರ ರಾಜ್ಯಸಭೆ ಹೊಸ ಬಾಲ ನ್ಯಾಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಹೊಸ ಕಾಯ್ದೆ ಜಾರಿಯಲ್ಲಿದೆ. ಫಾರ್ವರ್ಡ್ ಮಾತ್ರ 2015ರಲ್ಲೇ ನಿಂತಿದೆ.

ಈಗಿನ ಕಾಯ್ದೆ 18ರೊಳಗಿನವರನ್ನು ವಯಸ್ಸಿನ ಪ್ರಕಾರ ಎರಡು ಗುಂಪು ಮಾಡುತ್ತದೆ. 16 ತುಂಬದವರಿಗೆ, ಅಪರಾಧ ಎಷ್ಟೇ ಭೀಕರವಾಗಿರಲಿ, ವಿಶೇಷ ಗೃಹದಲ್ಲಿ ಹೆಚ್ಚೆಂದರೆ ಮೂರು ವರ್ಷ. ಅಂದರೆ ಹುಬ್ಬಳ್ಳಿಯಂಥ ಪ್ರಕರಣಕ್ಕೆ ಫಾರ್ವರ್ಡ್ ಹೇಳುವುದು ಸರಿಯೇ. ಆದರೆ 16ರಿಂದ 18ರ ನಡುವಿನವನು ‘ಹೇಯ ಅಪರಾಧ’ ಮಾಡಿದ್ದರೆ ಲೆಕ್ಕ ಬೇರೆ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುವ ಅಪರಾಧಗಳು ಹೇಯ ಅಪರಾಧಗಳು. ಕೊಲೆ, ಅತ್ಯಾಚಾರ ಇದರೊಳಗೆ ಬರುತ್ತವೆ. ಆಗ ಬಾಲ ನ್ಯಾಯ ಮಂಡಳಿ ಆ ಹುಡುಗನ ‘ಪ್ರಾಥಮಿಕ ಮೌಲ್ಯಮಾಪನ’ ಮಾಡುತ್ತದೆ. ಈ ಕೆಲಸ ಮಾಡುವಷ್ಟು ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ತಿಳಿದಿತ್ತೇ, ಯಾವ ಪರಿಸ್ಥಿತಿಯಲ್ಲಿ ಮಾಡಿದ ಎಂದು ನೋಡುತ್ತದೆ. ದೊಡ್ಡವರಂತೆ ವಿಚಾರಣೆ ಆಗಬೇಕು ಎನಿಸಿದರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತದೆ. ಅಲ್ಲಿ ಮೂರು ವರ್ಷದ ಮಿತಿ ಇಲ್ಲ. 2017ರಲ್ಲೇ ಮಧ್ಯಪ್ರದೇಶದ ಝಾಬುವಾದ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಇಬ್ಬರು ಹುಡುಗರಿಗೆ ಜೀವಾವಧಿ ವಿಧಿಸಿತ್ತು.

ಪುಣೆಯ ಕಾರು ಅಪಘಾತದಲ್ಲಿ ಹಾಗೇಕೆ ಆಗಲಿಲ್ಲ ಎಂದು ಕೇಳುತ್ತೀರಿ. 2024ರ ಮೇ ತಿಂಗಳಲ್ಲಿ 17ರ ಹುಡುಗ ಓಡಿಸಿದ ಕಾರು ಇಬ್ಬರನ್ನು ಕೊಂದಿತು. 300 ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಅವನಿಗೆ ಜಾಮೀನು ಸಿಕ್ಕಿತು ಎಂಬ ಸುದ್ದಿ ಎಲ್ಲ ಫೋನುಗಳಿಗೂ ಬಂತು. ಪ್ರಬಂಧ ಜಾಮೀನಿನ ಷರತ್ತಾಗಿತ್ತೇ ಹೊರತು ಶಿಕ್ಷೆಯಲ್ಲ. ಅವನ ಮೇಲೆ ಹಾಕಿದ್ದ ಮುಖ್ಯ ಕಲಂ ಕೊಲೆಯದ್ದಲ್ಲ. ಆ ಕಲಂನಲ್ಲಿ ಗರಿಷ್ಠ ಶಿಕ್ಷೆ ದೊಡ್ಡದಿದ್ದರೂ ಕನಿಷ್ಠ ಶಿಕ್ಷೆ ಎಂಬುದಿಲ್ಲ. ಕನಿಷ್ಠ ಏಳು ವರ್ಷ ಇಲ್ಲದ ಅಪರಾಧ ಹೇಯ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಹೇಳಿಯಾಗಿತ್ತು. ದೊಡ್ಡವರಂತೆ ವಿಚಾರಿಸಿ ಎಂಬ ಪೊಲೀಸರ ಕೋರಿಕೆಯನ್ನು ಪುಣೆಯ ಮಂಡಳಿ 2025ರ ಜುಲೈನಲ್ಲಿ ತಳ್ಳಿಹಾಕಿತು. ಸಿಟ್ಟು ಬರುವುದು ಸಹಜ. ಆದರೆ ಇದು ಕಾಯ್ದೆ ಬರೆದ ರೀತಿ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಹಾಗಾದರೆ ಕಾಯ್ದೆ ಏನನ್ನು ಬೇಡ ಎನ್ನುತ್ತದೆ? ಸೆಕ್ಷನ್ 21 ಓದಿದರೆ ಗೊತ್ತಾಗುತ್ತದೆ. 18 ತುಂಬದ ಯಾರಿಗೂ ಮರಣದಂಡನೆ ಕೊಡುವಂತಿಲ್ಲ. ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯನ್ನೂ ಕೊಡುವಂತಿಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಇರುವುದೂ ಇದೇ, ಭಾರತ 1992ರಲ್ಲಿ ಅದಕ್ಕೆ ಒಪ್ಪಿದೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ‘ಜೀವಾವಧಿ ಅಂದ್ರ 14 ವರ್ಷ’ ಎಂದು ಬಹಳ ಜನ ನಂಬಿದ್ದಾರೆ. ಅಲ್ಲ. ಜೀವಾವಧಿ ಎಂದರೆ ಉಸಿರಿರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಕೊಲೆಯಂಥ ಅಪರಾಧದಲ್ಲಿ ಕನಿಷ್ಠ 14 ವರ್ಷ ಒಳಗಿದ್ದ ಮೇಲೆ ಸರ್ಕಾರ ಬಯಸಿದರೆ ಬಿಡಬಹುದು, ಅಷ್ಟೇ, ಬಿಡಲೇಬೇಕೆಂದಿಲ್ಲ. ಆ ಬಾಗಿಲನ್ನೂ ಮುಚ್ಚಿದ ಶಿಕ್ಷೆಗೆ ನಮ್ಮ ರಾಜ್ಯದ್ದೇ ಹೆಸರಾದ ಉದಾಹರಣೆಯಿದೆ. ಬೆಂಗಳೂರಿನಲ್ಲಿ ಶಕೀರಾ ಖಲೀಲಿ ಅವರನ್ನು ಕೊಂದ ಸ್ವಾಮಿ ಶ್ರದ್ಧಾನಂದನಿಗೆ ಸುಪ್ರೀಂ ಕೋರ್ಟ್ 2008ರಲ್ಲಿ ಗಲ್ಲು ತಪ್ಪಿಸಿತು, ಆದರೆ ಸಾಯುವವರೆಗೂ ಬಿಡುಗಡೆ ಇಲ್ಲ ಎಂದಿತು. ಇಂಥ ಶಿಕ್ಷೆಯನ್ನು 17ರ ಹುಡುಗನಿಗೆ ಕೊಡುವಂತಿಲ್ಲ. ಬಾಗಿಲು ತೆರೆದಿರುವ ಜೀವಾವಧಿಗೆ ಕಾಯ್ದೆಯ ಅಡ್ಡಿಯಿಲ್ಲ.

ಆ ಬಾಗಿಲು ತೆರೆಯುವ ಮೊದಲ ಸಂದರ್ಭ 21ನೇ ವಯಸ್ಸು. ಅಲ್ಲಿಯವರೆಗೆ ಅವನನ್ನು ದೊಡ್ಡವರ ಜೈಲಿಗೆ ಹಾಕದೆ ‘ಸುರಕ್ಷತಾ ಸ್ಥಳ’ದಲ್ಲಿ ಇಡಬೇಕು. 21 ತುಂಬಿದಾಗ ಮಕ್ಕಳ ನ್ಯಾಯಾಲಯ ಅವನು ಬದಲಾಗಿದ್ದಾನೆಯೇ ಎಂದು ಪರಿಶೀಲಿಸುತ್ತದೆ. ಬದಲಾಗಿದ್ದರೆ ಷರತ್ತು ಹಾಕಿ ಬಿಡಬಹುದು. ಇಲ್ಲದಿದ್ದರೆ ಉಳಿದ ಅವಧಿಗೆ ಜೈಲಿಗೆ ಕಳಿಸಬಹುದು.

ಮಿದುಳಿನ ವಿಚಾರ: ಎರಡೂ ಕಡೆಯವರು ತಪ್ಪುತ್ತಾರೆ

‘16ರ ಹುಡುಗನಿಗೆ ಎಲ್ಲ ತಿಳಿಯುತ್ತದೆ’ ಎಂಬುದು ಒಂದು ವಾದ. ‘25ರವರೆಗೆ ಮಿದುಳು ಬೆಳೆದೇ ಇರುವುದಿಲ್ಲ’ ಎಂಬುದು ಎದುರು ವಾದ. ಎರಡನ್ನೂ ಅಷ್ಟು ಸಲೀಸಾಗಿ ಒಪ್ಪಲಾಗದು.

ಭಾರತವೂ ಸೇರಿ 11 ದೇಶಗಳಲ್ಲಿ 10ರಿಂದ 30 ವಯಸ್ಸಿನ 5 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ತಲೆ ತಣ್ಣಗಿದ್ದಾಗ ಯೋಚಿಸುವ ಶಕ್ತಿ, ಅಂದರೆ ನೆನಪು, ತರ್ಕ, ಲೆಕ್ಕಾಚಾರ, 16ರ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಬಂದಿರುತ್ತದೆ. ತಡೆದುಕೊಳ್ಳುವ ಶಕ್ತಿ ಹಾಗಲ್ಲ. ಸಿಟ್ಟು ಬಂದಾಗ ಕೈ ಹಿಂದೆ ತೆಗೆಯುವುದು, ಗೆಳೆಯರು ಹುರಿದುಂಬಿಸುವಾಗ ಬೇಡ ಎನ್ನುವುದು, ನಾಳೆಯದನ್ನು ಇಂದೇ ಯೋಚಿಸುವುದು 18 ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಹಿಂದೆ 2005ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಕಾರು ಓಡಿಸುವ ಕಂಪ್ಯೂಟರ್ ಆಟ ಇಟ್ಟು ಇದನ್ನೇ ನೋಡಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರ ಹುಂಬತನ ಎದ್ದು ಕಾಣುವಷ್ಟು ಹೆಚ್ಚಿತು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಜಾತ್ರೆಯಲ್ಲಿ ಒಂದೇ ಬೈಕ್ ಮೇಲೆ ಮೂವರು ಕುಳಿತು ಹೋಗುವವರನ್ನು ನೋಡಿದವರಿಗೆ ಈ ಪ್ರಯೋಗ ಹೊಸದೇನೂ ಹೇಳುವುದಿಲ್ಲ.

ಅಂದರೆ ಆ ಹುಡುಗನಿಗೆ ಕೊಲೆ ತಪ್ಪು ಎಂದು ಗೊತ್ತಿರುತ್ತದೆ. ಗೊತ್ತಿದ್ದನ್ನು ಆ ಕ್ಷಣದಲ್ಲಿ ಬಳಸುವ ಹಿಡಿತ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೊಣೆ ಅವನದೇ, ಆದರೆ ದೊಡ್ಡವರಷ್ಟು ತೂಕದ್ದಲ್ಲ. ಇನ್ನು 25 ಎಂಬುದು ಮಂತ್ರದ ಸಂಖ್ಯೆಯಲ್ಲ. ಇವೆಲ್ಲ ಸರಾಸರಿಯ ಮಾತು. ಯಾವ ಸ್ಕ್ಯಾನ್ ಕೂಡ ‘ಈ ಹುಡುಗ ಪ್ರಬುದ್ಧ’ ಎಂದು ಬರೆದುಕೊಡಲಾರದು.

ಹೆಚ್ಚು ಹುಡುಗರು ಬೆಳೆಯುತ್ತ ಅಪರಾಧದಿಂದ ಹೊರಬರುತ್ತಾರೆ ಎಂಬುದು ದೇಶ ದೇಶಗಳಲ್ಲಿ ಕಂಡಿರುವ ವಿಚಾರ. ಕೆಲವರು ಬರುವುದಿಲ್ಲ. 16ರಲ್ಲಿ ನಿಂತು ಯಾರು ಯಾರೆಂದು ಹೇಳಲಾಗದು. ಅದಕ್ಕೇ ಬಾಗಿಲನ್ನು ಆ ವಯಸ್ಸಿನಲ್ಲಿ ಶಾಶ್ವತವಾಗಿ ಮುಚ್ಚಬಾರದು ಎಂಬುದು ನನ್ನ ಅಭಿಪ್ರಾಯ.

ಕಠಿಣ ಶಿಕ್ಷೆ ಕೊಟ್ಟರೆ ಉಳಿದವರು ಹೆದರುತ್ತಾರಲ್ಲ? ಅಮೆರಿಕ ಇದನ್ನು ನಮಗಿಂತ ಮೊದಲೇ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2007ರಲ್ಲಿ ಪ್ರಕಟಿಸಿದ ಪರಾಮರ್ಶೆಯ ಪ್ರಕಾರ, ದೊಡ್ಡವರ ನ್ಯಾಯಾಲಯಗಳಿಗೆ ವರ್ಗಾಯಿಸಿದ ಹುಡುಗರು ಮತ್ತೆ ಬಂಧನಕ್ಕೊಳಗಾದದ್ದು ಉಳಿದವರಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು. ಅಮೆರಿಕದ ಜೈಲು ನಮ್ಮದಲ್ಲ ಎನ್ನಬಹುದು. ಆದರೆ ಪಕ್ಕಾ ಅಪರಾಧಿಗಳ ನಡುವೆ ಬೆಳೆದ ಹುಡುಗ ಏನು ಕಲಿತಾನು ಎಂಬುದಕ್ಕೆ ದೇಶ ಯಾವುದಾದರೇನು?

‘ಬಾಲಾಪರಾಧ ವಿಪರೀತ ಏರುತ್ತಿದೆ’ ಎಂಬ ಸಾಲೂ ಈ ಮೆಸೇಜ್‌ಗಳ ಜೊತೆ ಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ ದೇಶದಲ್ಲಿ ದಾಖಲಾದ ಇಂಥ ಪ್ರಕರಣಗಳು 2016ರಲ್ಲಿ 35,849, 2022ರಲ್ಲಿ 30,555. ಆ ವರ್ಷ ದಾಖಲಾದ ಒಟ್ಟು 58 ಲಕ್ಷಕ್ಕೂ ಹೆಚ್ಚು ಅಪರಾಧಗಳಲ್ಲಿ ಇದು ನೂರಕ್ಕೆ ಅರ್ಧದಷ್ಟು.

ನಿಜವಾದ ತೊಂದರೆ ಎಲ್ಲಿದೆ

ಫಾರ್ವರ್ಡ್‌ಗಳು ಮುಟ್ಟದ ಜಾಗವೊಂದಿದೆ. ಹುಡುಗನೊಬ್ಬನ ಇಡೀ ಬದುಕು ಎರಡು ವಿಚಾರಗಳ ಮೇಲೆ ನಿಂತಿರುತ್ತದೆ: ಅವನ ವಯಸ್ಸು ಮತ್ತು ಆ ಪ್ರಾಥಮಿಕ ಮೌಲ್ಯಮಾಪನ.

ವಯಸ್ಸಿನ ಮಾತು ನೋಡಿ. ನಮ್ಮ ಕಡೆ ಹಳೆಯ ಶಾಲಾ ದಾಖಲೆ ತೆಗೆದರೆ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಹೆಸರು ಹಚ್ಚಲು ಹೋದಾಗ ಮೇಷ್ಟ್ರು ಬರೆದದ್ದೇ ಜನ್ಮದಿನ. ಜಾತ್ರೆಗೆ ಹೋದಾಗ ನಗಲು ಇದು ಒಳ್ಳೆಯ ಮಾತು. ಕಟಕಟೆಯಲ್ಲಿ ಒಂದೆರಡು ತಿಂಗಳ ವ್ಯತ್ಯಾಸವೇ ಮೂರು ವರ್ಷಕ್ಕೂ ಜೀವಾವಧಿಗೂ ನಡುವಿನ ಅಂತರ. ಕಾಯ್ದೆ ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಇಲ್ಲವೇ ಎಸ್ಸೆಸ್ಸೆಲ್ಸಿ ದಾಖಲೆ ನೋಡುತ್ತದೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ, ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ.

ದಾಖಲೆ ತಪ್ಪಿದರೆ ಏನಾಗುತ್ತದೆ? 1994ರಲ್ಲಿ ಪುಣೆಯಲ್ಲಿ ಒಂದೇ ಮನೆಯ ಏಳು ಜನರ ಕೊಲೆಯಾಯಿತು. ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಒಬ್ಬನಿಗೆ ಗಲ್ಲು ಶಿಕ್ಷೆಯಾಯಿತು. ಅವನ ಊರಿನ ಶಾಲೆಯ ದಾಖಲೆ ತಡವಾಗಿ ಸಿಕ್ಕಿ, ಪರಿಶೀಲನೆ ನಡೆದು, ಅಪರಾಧದ ದಿನ ಅವನಿಗೆ 12 ವರ್ಷ 6 ತಿಂಗಳಾಗಿತ್ತು ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ ಬಿಡುಗಡೆ ಮಾಡಿತು. ಆ ಹೊತ್ತಿಗೆ ಅವನು 28 ವರ್ಷಕ್ಕೂ ಹೆಚ್ಚು ಜೈಲಿನಲ್ಲಿ ಕಳೆದಿದ್ದ. ಅಪರಾಧ ಅತ್ಯಂತ ಘೋರವಾಗಿತ್ತು, ನಿಜ. ಆದರೆ ಅಂದು ಗಲ್ಲು ನಡೆದುಹೋಗಿದ್ದರೆ ತಿದ್ದಲು ಏನು ಉಳಿಯುತ್ತಿತ್ತು?

ಇನ್ನು ಮೌಲ್ಯಮಾಪನ. ಬಾಲ ನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಹುಡುಗ ಸಿಕ್ಕಿಬಿದ್ದ ಮೇಲೆ, ತಿಂಗಳುಗಳ ಹಿಂದಿನ ಒಂದು ಕ್ಷಣದಲ್ಲಿ ಅವನ ಮನಸ್ಸು ಹೇಗಿತ್ತು ಎಂದು ಅವರು ಹೇಳಬೇಕು. ಬುದ್ಧಿಮತ್ತೆ ಪರೀಕ್ಷೆ ಮಾಡಿ ‘ಸಾಮರ್ಥ್ಯವಿತ್ತು’ ಎಂದು ಬರೆದರೆ ಮೇಲೆ ಹೇಳಿದ ತಣ್ಣನೆಯ ತಲೆಯನ್ನಷ್ಟೇ ಅಳೆದಂತೆ. ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ, ಗುರುಗ್ರಾಮದ ಶಾಲೆಯ ಮಗುವಿನ ಕೊಲೆ ಪ್ರಕರಣದಲ್ಲಿ, ಇದನ್ನೇ ಎತ್ತಿ ಹೇಳಿತು: ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಕೀಯ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು. ಅಂಥ ತಜ್ಞರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಿಕ್ಕಷ್ಟು ಸುಲಭವಾಗಿ ನಮ್ಮಂಥ ಜಿಲ್ಲೆಗಳಲ್ಲಿ ಸಿಗುವುದಿಲ್ಲ. ಕೂಗಬೇಕಾದದ್ದು ಇದಕ್ಕೆ.

ಮಗನನ್ನು ಕಳೆದುಕೊಂಡ ತಾಯಿಗೆ ಮಿದುಳಿನ ಅಧ್ಯಯನ ಹೇಳಿ ಸಮಾಧಾನ ಮಾಡಲಾಗದು, ಮಾಡಲೂಬಾರದು. ಆದರೆ ಆಕೆಗೆ ದಕ್ಕಬೇಕಾದದ್ದು ದಕ್ಕಿದೆಯೇ ಎಂದು ಯಾವ ಮೆಸೇಜೂ ಕೇಳುವುದಿಲ್ಲ. ಸಂತ್ರಸ್ತರ ಪರಿಹಾರ ಯೋಜನೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಉಚಿತ ಕಾನೂನು ನೆರವಿನ ಸಂಖ್ಯೆ 15100. ನಿಮ್ಮ ಓಣಿಯ ಹುಡುಗನನ್ನೇ ಪೊಲೀಸರು ಕರೆದೊಯ್ದಿದ್ದರೂ ಇದೇ ಸಂಖ್ಯೆ. ಅವನನ್ನು ಲಾಕಪ್‌ನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮೊದಲು ಹುಡುಕಬೇಕಾದದ್ದು ಶಾಲೆಯ ದಾಖಲೆ.

ಕಳಿಸುವ ಮುನ್ನ

ಹೈದರಾಬಾದಿಗೂ ಕೆಲವರು ಭಾಗ್ಯನಗರ ಎನ್ನುತ್ತಾರೆ. 2022ರಲ್ಲಿ ಅಲ್ಲಿನ ಜುಬಿಲಿ ಹಿಲ್ಸ್‌ನ ಪ್ರಕರಣದಲ್ಲಿ 18ರೊಳಗಿನ ಹುಡುಗರು ಆರೋಪಿಗಳಾಗಿದ್ದರು. ‘ಭಾಗ್ಯನಗರದ ಬಾಲಕರು’ ಎಂಬ ಸಾಲು ಕಂಡರೆ ಯಾವ ಭಾಗ್ಯನಗರ, ಯಾವ ವರ್ಷ ಎಂದು ನೋಡಿ. ನಮ್ಮ ಊರಿನ ಯಾರದೋ ಮನೆ ಮುಂದೆ ಜನ ಸೇರುವುದು ಬೇಡ.

ಫೋಟೊ ಇದ್ದರೆ ಮಾತ್ರ ಯೋಚನೆಯೇ ಬೇಡ, ಅಳಿಸಿ. ಅಪರಾಧದ ಆರೋಪ ಹೊತ್ತ ಮಗುವಿನ ಹೆಸರು, ಮುಖ, ಶಾಲೆ, ವಿಳಾಸ ಪ್ರಕಟಿಸುವುದು ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ರಕ್ಷಣೆ ಸಂತ್ರಸ್ತ ಮಗುವಿಗೂ, ಸಾಕ್ಷಿ ಹೇಳುವ ಮಗುವಿಗೂ ಇದೆ. ಹುಬ್ಬಳ್ಳಿಯ ಪ್ರಕರಣದಲ್ಲಿ ಇರಿದವನೂ ಸತ್ತವನೂ ಮಕ್ಕಳೇ. ಈ ಲೇಖನದಲ್ಲಿ ಇಬ್ಬರ ಹೆಸರೂ ಇಲ್ಲದಿರುವುದು ಅದಕ್ಕೇ.